ಹಳೇ ಕಂಪ್ಯೂಟರು ತಡೀತೈತೇನ್ರಿ?

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ವಯಸ್ಸಾದ ಗುರುಗಳೊಬ್ಬರಿದ್ದರು. ಸುತ್ತಲಿನ ಊರವರು ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯರಲ್ಲಿ ಕಲ್ಮೇಶ ಒಬ್ಬ. ಊರ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ದಿನಾ ಬೆಳಗ್ಗೆ ಮಠಕ್ಕೆ ಬಂದು, ಅಂಗಳ ಗುಡಿಸಿ, ನೀರು ತುಂಬಿ, ಅಜ್ಜಾರ ಪಾದ ಮುಟ್ಟಿ ಅಂಗಡಿಗೆ ಹೋಗುವನು. ಹೆಚ್ಚು ಮಾತಿನ ಮನುಷ್ಯನಲ್ಲ.

ಒಂದು ಬೆಳಗ್ಗೆ ಕೆಲಸ ಮುಗಿದ ಮೇಲೂ ಅವನು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತೇ ಇದ್ದ.

"ಏನೋ ಕೇಳೂದೈತಿ ನಿಂದು," ಎಂದರು ಅಜ್ಜಾರು.

"ಕೇಳಿದ್ರ ನಗಬ್ಯಾಡ್ರಿ."

"ಕೇಳು."

"ಒಂಬತ್ತು ವರ್ಷದ ಹಳೇ ಕಂಪ್ಯೂಟರ್ ಒಂದೈತ್ರಿ. ಹೊಸಾ ಆಟ ಬಂದೈತಿ. ಭಾಳ ಭಾರದ ಆಟ. ತಡೀತೈತೇನ್ರಿ ಅಜ್ಜಾರ?"

ಅಜ್ಜಾರು ನಗಲಿಲ್ಲ.

"ಯಾರ ಕಂಪ್ಯೂಟರ್?"

"ನಮ್ಮ ಸಂಗಮೇಶಂದು."

ಸಂಗಮೇಶ ಅವನ ತಮ್ಮ. ಇಪ್ಪತ್ನಾಲ್ಕು ವರ್ಷ. ಮೈಯ ಸ್ನಾಯುಗಳು ಒಂದೊಂದಾಗಿ ಸೋಲುತ್ತ ಹೋಗುವ ಕಾಯಿಲೆ ಅವನಿಗೆ. ಮೊದಲು ಓಡುವುದು ನಿಂತಿತು, ಆಮೇಲೆ ನಡೆಯುವುದು. ಅವ್ವ ಅಪ್ಪ ಇಬ್ಬರೂ ತೀರಿಕೊಂಡಿದ್ದರು. ತಮ್ಮನ ಊಟ, ಸ್ನಾನ, ಎತ್ತುವುದು, ಮಲಗಿಸುವುದು, ಎಲ್ಲ ಕಲ್ಮೇಶನದೇ.

ನಡೆಯುವುದು ನಿಂತ ವರ್ಷ ಕಲ್ಮೇಶ ಬಿಡಿಬಿಡಿ ಸಾಮಾನು ಕೂಡಿಸಿ ಆಟದ ಕಂಪ್ಯೂಟರೊಂದನ್ನು ಕಟ್ಟಿಕೊಟ್ಟಿದ್ದ. ಅದರಲ್ಲಿ ಒಂದು ಆಟ. ಕುದುರೆ ಸವಾರನೊಬ್ಬ ಊರು, ಕಾಡು, ಬೆಟ್ಟ ದಾಟುತ್ತ ಹೋಗುತ್ತಾನೆ. ಕೊನೆಗೆ ದೊಡ್ಡದೊಂದು ಕಣಿವೆಯ ಬಾಯಿಗೆ ಬಂದು ನಿಲ್ಲುತ್ತಾನೆ. ಆಟ ಅಲ್ಲಿಗೆ ಮುಗಿಯುತ್ತದೆ. ಸಂಗಮೇಶ ಅದನ್ನು ಹನ್ನೊಂದು ಸಲ ಆಡಿ ಮುಗಿಸಿದ್ದ. ಕಣಿವೆಯ ಆಚೆ ಏನಿದೆ ಎಂಬುದು ಎರಡನೇ ಭಾಗದಲ್ಲಿ ಬರಬೇಕಿತ್ತು. ಏಳು ವರ್ಷ ಕಾಯ್ದಿದ್ದ.

ಕಲ್ಮೇಶ ಜೇಬಿನಿಂದ ಮಡಚಿದ ಹಾಳೆ ತೆಗೆದ. ಎಡಕ್ಕೆ ಹೊಸ ಆಟ ಏನೇನು ಕೇಳುತ್ತದೆ, ಬಲಕ್ಕೆ ಹಳೆಯ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಬರೆದಿದ್ದ. ಎಡಗಡೆಯ ಅಂಕಿಗಳೆಲ್ಲ ದೊಡ್ಡವು. ಹಾಳೆ ಮಡಿಕೆಗಳಲ್ಲಿ ಹರಿಯುವಷ್ಟು ಸವೆದಿತ್ತು.

"ಈ ಪ್ರಕಾರ ತಡಿಯೂದಿಲ್ರಿ. ಆದ್ರ ಒಮ್ಮೊಮ್ಮೆ ತಡದುಬಿಡ್ತಾವು."

"ಹಚ್ಚಿ ನೋಡಿದೇನು?"

"ಇಲ್ರಿ."

"ಯಾಕ?"

"ಕಾದು ಸುಟ್ಟುಹೋದ್ರ ಹಳೇ ಆಟಾನೂ ಹೋಗ್ತೈತ್ರಿ. ಹೊಸಾದು ಕೊಡಸೂ ಶಕ್ತಿ ನನಗಿಲ್ಲ. ಅವಗ ಇಡೀ ದಿನಕ್ಕ ಇರೂದು ಅದೊಂದ."

"ಆಟ ಬಂದು ಎಷ್ಟು ದಿನಾತು?"

"ನಲವತ್ತೆರಡು ದಿನಾತ್ರಿ. ಬಂದ ದಿನಾನ ಅಂಗಡ್ಯಾಗ ಇಳಿಸಿಕೊಂಡೀನಿ. ಪೆನ್‌ಡ್ರೈವ್ ಇಲ್ಲೇ ಐತಿ." ಅಂಗಿಯ ಜೇಬನ್ನು ಮುಟ್ಟಿ ತೋರಿಸಿದ.

"ತಮ್ಮ ಕೇಳೂದಿಲ್ಲೇನು?"

"ದಿನಾ ಕೇಳ್ತಾನ್ರಿ. ಬಂತಾ ಅಣ್ಣಾ ಅಂತ."

"ನೀ ಏನಂತಿ?"

ಕಲ್ಮೇಶ ಹೊಳೆಯ ಕಡೆ ನೋಡಿದ. ಬೇಸಿಗೆಯ ಹೊಳೆ. ನಡುವೆ ಒಂದೇ ಎಳೆ ನೀರು.

"ಇನ್ನೂ ಬಂದಿಲ್ಲ ಅಂತೀನ್ರಿ. ಮುಂದಕ್ಕ ಹಾಕ್ಯಾರ ಅಂತೀನಿ."

ಅಜ್ಜಾರು ಕೋಲು ಹುಡುಕಿ ಎದ್ದರು.

"ನಡಿ."

"ಎಲ್ಲಿಗ್ರಿ?"

"ನಿಮ್ಮ ಮನಿಗೆ."

"ಬೈಕ್ ತರ್ತೀನಿ, ತಡೀರಿ. ಎರಡು ಮೈಲಿ ಆಗ್ತೈತಿ. ನಿಮ್ಮ ಮೊಳಕಾಲು..."

"ಬೈಕ್ ಮ್ಯಾಲೆ ಹೋದ್ರ ನಿನಗ ಮಾತು ಹುಡುಕಾಕ ವ್ಯಾಳ್ಯಾ ಸಿಗೂದಿಲ್ಲ," ಎಂದರು ಅಜ್ಜಾರು.

ಇಬ್ಬರೂ ದಂಡೆಗುಂಟ ನಡೆದರು. ಅಜ್ಜಾರು ಎರಡು ಕಡೆ ಕೂತು ದಣಿವಾರಿಸಿಕೊಂಡರು. ದಾರಿಯಲ್ಲಿ ಒಂದೂ ಮಾತಾಡಲಿಲ್ಲ. ಕಲ್ಮೇಶನಿಗೆ ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಂಗಮೇಶ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ, ಬೆಳಗ್ಗೆ ಅಣ್ಣ ಕೂಡಿಸಿ ಹೋದ ಹಾಗೆಯೇ. ಎದುರಿನ ಮೇಜಿನ ಮೇಲೆ ಕಂಪ್ಯೂಟರು ಆರಿತ್ತು. ಅಜ್ಜಾರನ್ನು ಕಂಡು ಕೈ ಮುಗಿಯಲು ಹೋದ. ಆಗಲಿಲ್ಲ. ತಲೆ ಬಾಗಿಸಿದ.

ಕಲ್ಮೇಶ ತಮ್ಮನ ಮುಂದೆ ನೆಲದ ಮೇಲೆ ಕೂತ. ಎರಡು ಮೈಲಿ ಹುಡುಕಿದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಆಟ ಬಂದೈತೋ," ಎಂದ.

"ಗೊತ್ತು," ಎಂದ ಸಂಗಮೇಶ.

"ಯಾವಾಗಿಂದ?"

"ಬಂದ ದಿನದಿಂದ. ಗೆಳ್ಯಾರೆಲ್ಲ ಫೋನ್‌ನ್ಯಾಗ ಹಾಕಿದ್ರು." ಅವನ ಮಾತು ಈಚೆಗೆ ನಿಧಾನವಾಗಿತ್ತು. ಒಂದೊಂದು ಶಬ್ದಕ್ಕೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ಮತ್ತ ದಿನಾ ಯಾಕ ಕೇಳ್ತಿದ್ದಿ?"

"ನೀ ಯಾವತ್ತು ಹೇಳ್ತಿ ಅಂತ."

ಕಲ್ಮೇಶ ಮುಖ ತಗ್ಗಿಸಿದ.

ಅಜ್ಜಾರು ಗೋಡೆಗೆ ಒರಗಿ ಕೂತರು. "ಹಚ್ಚು ಈಗ," ಎಂದರು. "ಏನಾಗ್ತೈತೋ ಮೂರೂ ಮಂದಿ ನೋಡೂಣು."

ಆಟ ಕಂಪ್ಯೂಟರಿಗೆ ಇಳಿಯಲು ಎರಡು ತಾಸು ಹಿಡಿಯಿತು. ಕಲ್ಮೇಶ ಚಹಾ ಮಾಡಿದ. ತಮ್ಮನಿಗೆ ಚಮಚದಲ್ಲಿ ಕುಡಿಸಿದ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಒಳಗಿನ ದೂಳು ಬ್ರಷ್ಷಿನಿಂದ ತೆಗೆದ. ಮೂಲೆಯಲ್ಲಿದ್ದ ಟೇಬಲ್ ಫ್ಯಾನನ್ನು ತಮ್ಮನ ಕಡೆಯಿಂದ ತಿರುಗಿಸಿ ಅದಕ್ಕೆ ಗಾಳಿ ಹಿಡಿದ.

ಚಿತ್ರದ ಅಂದವನ್ನೆಲ್ಲ ಕೆಳಗಿಳಿಸಿದ. ನೆರಳು ತೆಗೆದ. ಹುಲ್ಲು ತೆಗೆದ. ನೀರಿನ ಹೊಳಪು ತೆಗೆದ. ಆಮೇಲೆ ಆಟ ಶುರು ಮಾಡಿದ.

ಕಂಪ್ಯೂಟರು ಗಿರಣಿಯಂತೆ ಸದ್ದು ಮಾಡಿತು. ಪರದೆ ಕಪ್ಪಾಯಿತು.

ಆಮೇಲೆ ಕಣಿವೆ ಕಂಡಿತು.

ಚಿತ್ರ ತಡವರಿಸುತ್ತಿತ್ತು. ಮರಗಳಿಗೆ ಎಲೆ ಸರಿಯಾಗಿ ಮೂಡಿರಲಿಲ್ಲ. ಕುದುರೆಗೆ ಕಣ್ಣು ಮೂಗು ಕಾಣುತ್ತಿರಲಿಲ್ಲ. ಆದರೂ ಸವಾರ ನಿಂತಿದ್ದ, ಕಣಿವೆಯ ಆಚೆ ಬದಿಗೆ.

"ತಡದೈತಿ!" ಎಂದ ಕಲ್ಮೇಶ. ಅವನ ಕಣ್ಣು ತುಂಬಿತ್ತು. "ಸಂಗ್ಯಾ, ತಡದೈತೋ! ಆಡು."

ಮೌಸನ್ನು ತಮ್ಮನ ಬಲಗೈ ಕೆಳಗೆ ಸರಿಸಿದ. ಎಡಗೈಯನ್ನು ಎತ್ತಿ ಕೀಬೋರ್ಡಿನ ಮೇಲಿಟ್ಟ.

ಸವಾರ ಕದಲಲಿಲ್ಲ.

"ಆಡೋ."

ಸಂಗಮೇಶನ ಬಲಗೈ ಮೌಸಿನ ಮೇಲಿಂದ ಮೆಲ್ಲಗೆ ಜಾರಿ ಮೇಜಿನ ಅಂಚಿಗೆ ಬಂದು ನಿಂತಿತು. ಅವನು ಅದನ್ನು ಎತ್ತಲು ನೋಡಿದ. ಹಣೆಯ ಮೇಲೆ ಬೆವರು ಬಂತು. ಕೈ ಬರಲಿಲ್ಲ.

ಕಲ್ಮೇಶನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

"ಹಳೇ ಆಟ ಬ್ಯಾಸರಾತು ಅಂದಿದ್ದಿಯಲ್ಲಾ ನೀನು. ಅದಕ್ಕ ಆಡವಲ್ಲಿ ಅಂತ ತಿಳ್ಕೊಂಡಿದ್ದೆ."

"ಬ್ಯಾಸರ ಆಗಿರಲಿಲ್ಲ," ಎಂದ ಸಂಗಮೇಶ.

"ಕೈ ನಿಂತು ಎಷ್ಟು ದಿನಾತು?"

"ಹದಿಮೂರು."

"ನನಗ್ಯಾಕ ಹೇಳಲಿಲ್ಲ?"

ಪರದೆಯ ಮೇಲೆ ಕುದುರೆ ನಿಂತಲ್ಲೇ ಬಾಲ ಬೀಸುತ್ತಿತ್ತು.

ಆಗ ಅಜ್ಜಾರು ಎದ್ದರು. ಮೇಜಿನ ಬಳಿ ಬಂದು ಕೀಬೋರ್ಡಿನ ಮೇಲೆ ಬಗ್ಗಿ ನೋಡಿದರು.

"ಮುಂದಕ್ಕ ಹೋಗಾಕ ಯಾವುದನ್ನ ಒತ್ತಬೇಕು, ಸಂಗಮೇಶಾ?"

"ಡಬ್ಲ್ಯೂ ಒತ್ತರಿ ಅಜ್ಜಾರ. ಅಕ್ಷರದ ಮ್ಯಾಲಿನ ಸಾಲಿನ್ಯಾಗ ಎರಡನೇದು."

ಅಜ್ಜಾರು ತೋರುಬೆರಳಿನಿಂದ ಒತ್ತಿ ಹಿಡಿದರು. ಕುದುರೆ ಒಂದೇ ಸಮನೆ ಓಡಿ ಹೋಗಿ ಬಂಡೆಗೆ ಗುದ್ದಿತು. ಬಂಡೆಗೆ ಒತ್ತಿಕೊಂಡೇ ಓಡುತ್ತಿತ್ತು.

"ಬಿಡ್ರಿ, ಬಿಡ್ರಿ!" ಎಂದ ಸಂಗಮೇಶ. ನಕ್ಕ. ನಗುತ್ತ ಕೆಮ್ಮಿದ.

ಅಜ್ಜಾರು ಬೆರಳು ತೆಗೆದು ಕಲ್ಮೇಶನ ಕಡೆ ತಿರುಗಿದರು. ಅವನಿಗೆ ಜಾಗ ಬಿಟ್ಟು ಸರಿದು ನಿಂತರು.

ಕಲ್ಮೇಶ ಮೌಸ್ ಹಿಡಿದ. ಕಂಪ್ಯೂಟರು ಬಿಚ್ಚಿ ಜೋಡಿಸುವುದು ಅವನಿಗೆ ಗೊತ್ತು. ಆಟ ಆಡಿ ಗೊತ್ತಿಲ್ಲ.

"ಎಡಕ್ಕ," ಎಂದ ತಮ್ಮ. "ಎಡಕ್ಕ ಅಂದ್ರ ಅಷ್ಟಲ್ಲ. ಹಾಂ. ಈಗ ಮುಂದ."

ಸಂಜೆಗೆ ಅಜ್ಜಾರು ತಾವೊಬ್ಬರೇ ಮಠಕ್ಕೆ ನಡೆದು ಹೋದರು.

ಮುಂದಿನ ಹತ್ತು ದಿನ ಕಲ್ಮೇಶ ಮಠಕ್ಕೆ ಬರಲಿಲ್ಲ. ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚುತ್ತಿದ್ದಾನೆಂದು ಊರವರು ಹೇಳಿದರು. ಅಂಗಳವನ್ನು ಅಜ್ಜಾರೇ ಗುಡಿಸಿಕೊಂಡರು.

ಹನ್ನೊಂದನೇ ದಿನ ಬೆಳಗ್ಗೆ ಅವನು ಬಂದ. ಕಸಬರಿಗೆ ಮುಟ್ಟಲಿಲ್ಲ. ಅಜ್ಜಾರು ದಂಡೆಯಲ್ಲಿ ಅಂಗವಸ್ತ್ರ ಹಿಂಡುತ್ತಿದ್ದರು. ಅವರ ಹಿಂದೆ ಹೋಗಿ ನಿಂತ.

"ಅಜ್ಜಾರ, ಆಟ ಬಂದ ದಿನಾನ ಹಚ್ಚಿದ್ರ ಅವ ತನ್ನ ಕೈಯಾರೆ ಇಪ್ಪತ್ತೊಂಬತ್ತು ದಿನ ಆಡ್ತಿದ್ದ."

"ಹೌದು," ಎಂದರು ಅಜ್ಜಾರು.

ಕಲ್ಮೇಶ ಕಾದ. ಅವರು ಅಂಗವಸ್ತ್ರ ಹಿಂಡುತ್ತಲೇ ಇದ್ದರು.

"ನೀವಾದ್ರೂ ಹಂಗಲ್ಲ ಅಂತೀರಿ ಅಂತ ಬಂದಿದ್ದೆ."

"ಹಂಗಲ್ಲ ಅಂದ್ರ ಸುಳ್ಳಾಗ್ತೈತಿ."

ಕಲ್ಮೇಶ ಮರಳಿನ ಮೇಲೆ ಕುಸಿದು ಕೂತ. ಅಳು ಬಂತು. ಅವ್ವ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಅಜ್ಜಾರು ಅಂಗವಸ್ತ್ರವನ್ನು ಕಲ್ಲಿನ ಮೇಲೆ ಹರವಿ, ಅವನ ಪಕ್ಕ ಬಂದು ಕೂತರು. ಬೆನ್ನು ಸವರಲಿಲ್ಲ. ಅಳುವುದು ಮುಗಿಯುವವರೆಗೂ ಎದ್ದು ಹೋಗಲಿಲ್ಲ.

"ಕಂಪ್ಯೂಟರ್ ನಡದೈತೇನು?" ಎಂದು ಕೊನೆಗೆ ಕೇಳಿದರು.

"ನಡದೈತ್ರಿ. ದಿನಕ್ಕ ಎರಡು ಸಲ ಬಂದ್ ಆಗ್ತೈತಿ. ಆರಿಸಿ ಮತ್ತ ಹಚ್ತೀನಿ."

"ತಮ್ಮ?"

"ದಿನಾ ಕಾಯ್ತಾನ್ರಿ, ನಾ ಯಾವಾಗ ಬರ್ತೀನಿ ಅಂತ." ಕಲ್ಮೇಶ ತೋಳಿನಿಂದ ಮುಖ ಒರೆಸಿಕೊಂಡ. "ಆದ್ರ ನನ್ನ ಕೈಲೆ ಆಗವಲ್ದು. ಅವ ಎಡಕ್ಕ ಅಂತಾನ, ನಾ ಬಲಕ್ಕ ಹೋಗ್ತೀನಿ. ಅವ ನಿಲ್ಲು ಅನ್ನೂದ್ರಾಗ ಹಳ್ಳಕ್ಕ ಬಿದ್ದಿರ್ತೀನಿ. ಅವನ ಕೈ ಇದ್ದಿದ್ರ ಹೆಂಗ ಆಡ್ತಿದ್ದ! ನಾ ಕೂತು ಆಟ ಕೆಡಸಾಕತ್ತೀನಿ. ನಿನ್ನೆಯಂತೂ ಅವ ಒಂದು ತಾಸು ಒಂದೇ ಸಮ ಬೈದಾನ್ರಿ ನನಗ."

ಅಜ್ಜಾರು ಅವನ ಮುಖ ನೋಡಿದರು.

"ಬೈಯಾಕ ಅವಗ ಇನ್ನೂ ದನಿ ಐತಿ. ಹೋಗು."