ಹುಣಸೆ ಬೀಜದ ಲೋಟ

ನಾನು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವಳು. ನನ್ನ ಅಕ್ಷರ ಸೊಟ್ಟ, ನನ್ನಲ್ಲಿ ಮಾತೂ ಕಡಿಮೆ. ಕಥೆಯೆಂದು ಬರೆಯುತ್ತಿರುವುದು ಇದೇ ಮೊದಲು. ಓದುವವರು ಸೈರಿಸಿಕೊಳ್ಳಬೇಕು.

ನದಿಯ ದಂಡೆಯಲ್ಲಿ ತಗಡಿನ ಸೂರಿನ ಕೆಳಗೆ ಪಿಸ್ತೂಲಿನ ಗುರಿ ಕಲಿಸುವ ಒಂದು ಶಾಲೆಯಿತ್ತು. ಗುರಿಹಾಳೆ ಬದಲಿಸುವುದು ನನ್ನ ಕೆಲಸ. ಈಗ ಅಲ್ಲಿ ಸೂರಿಲ್ಲ, ಗುರುಗಳೂ ಇಲ್ಲ. ಹಿತ್ತಾಳೆ ಲೋಟಕ್ಕೆ ಬೀಜ ಬೀಳುವ ಸದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿದಿದೆ.

ಗುರುಗಳು ಚೆಂಗಪ್ಪನವರು. ಕಾಲುವೆಗಳ ಇಂಜಿನಿಯರ್ ಆಗಿ ನಿವೃತ್ತರಾದವರು. ಪಿಸ್ತೂಲಿನಲ್ಲಿ ಮೂರು ಬಾರಿ ದೇಶಕ್ಕೇ ಮೊದಲಿಗರಾದವರು. ಗೋಡೆಯ ಮೇಲೆ ಎರಡು ಚಿನ್ನದ ಪದಕಗಳಿದ್ದವು. ಮೂರನೆಯದನ್ನು ಯಾರೂ ಕಂಡಿರಲಿಲ್ಲ.

ಶಿಷ್ಯೆ ಇಂದುಮತಿ ಸೇತುವೆಗಳ ಇಂಜಿನಿಯರ್. ದಿನವೂ ಕಚೇರಿಗೆ ಹೋಗುವ ಮುನ್ನ ಬರುತ್ತಿದ್ದಳು.

ಕೈ ಅಲುಗಿತೆಂದು ಅವಳು ಹೊಡೆಯದೆ ಪಿಸ್ತೂಲು ಇಳಿಸಿದಾಗಲೆಲ್ಲ ಗುರುಗಳು ಅವಳ ಲೋಟಕ್ಕೆ ಒಂದು ಹುಣಸೆ ಬೀಜ ಹಾಕುತ್ತಿದ್ದರು. ಹೊಡೆದ ಗುಂಡಿಗೆ ಏನೂ ಇಲ್ಲ.

"ಸರ್, ಹತ್ತಕ್ಕೆ ಹತ್ತು ಬಿತ್ತು. ಬೀಜ ಎಲ್ಲಿ?"

"ಹಾರಿದ್ದನ್ನು ಹಾಳೆ ನೋಡಿಕೊಳ್ಳುತ್ತೆ. ಹಾರದ್ದನ್ನು ನೋಡಿಕೊಳ್ಳೋರು ಯಾರಮ್ಮಾ?"

"ಹೀಗೇ ಆದರೆ ನನಗೆ ಪದಕ ಬರಲ್ಲ, ಹುಣಸೆ ತೋಪು ಬರುತ್ತೆ." ಅವಳು ನಕ್ಕಳು. "ನಿಮ್ಮ ಲೋಟದಲ್ಲಿ ಎಷ್ಟಿದೆ?"

"ಒಂದು ಕಡಿಮೆ ಇದೆ."

"ಎಷ್ಟಕ್ಕೆ ಕಡಿಮೆ?"

"ಕೈ ಎತ್ತು," ಎಂದರು ಗುರುಗಳು.

ರಾಜ್ಯ ತಂಡದ ಆಯ್ಕೆಯ ದಿನ ಬಂತು. ಇಂದುಮತಿಗೆ ಒಂದು ಗುಂಡು, ಒಂದು ನಿಮಿಷ ಉಳಿದಿತ್ತು. ಕೈ ನಿಲ್ಲಲಿಲ್ಲ; ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಸಮಯ ಮುಗಿಯಿತು. ಗುಂಡು ಪಿಸ್ತೂಲಿನಲ್ಲೇ ಉಳಿಯಿತು. ಸಂಜೆ ಶಾಲೆಗೆ ಬಂದು ಕುಳಿತಳು.

"ಐದು ಅಂಕ ಬಿದ್ದಿದ್ದರೂ ತಂಡದಲ್ಲಿರ್ತಿದ್ದೆ. ಹೇಗೋ ಹೊಡೆದುಬಿಟ್ಟಿದ್ದರೆ ಸಾಕಿತ್ತು! ನಿಮ್ಮ ಬೀಜಗಳೇ ನನ್ನನ್ನು ಸೋಲಿಸಿದವು, ಸರ್."

ಗುರುಗಳು ಅವಳ ಲೋಟಕ್ಕೆ ಎರಡು ಬೀಜ ಹಾಕಿದರು.

ಅವಳು ಎದ್ದು ಹೋದಳು. ಮಳೆಗಾಲವೆಲ್ಲ ಬರಲಿಲ್ಲ. ನಾನು ಅವಳ ಲೋಟವನ್ನು ದಿನವೂ ಒರೆಸಿಡುತ್ತಿದ್ದೆ.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಬಂದಳು. ಕೈಯಲ್ಲಿ ವರ್ಗಾವಣೆಯ ಆದೇಶವಿತ್ತು.

"ಸೇತುವೆ ಗಟ್ಟಿಯಾಗಿದೆ ಅಂತ ರುಜು ಹಾಕು ಅಂದ್ರು, ಸರ್. ಭಾರ ಹೊರಿಸಿ ನೋಡೋ ಪರೀಕ್ಷೆಯೇ ಆಗಿರಲಿಲ್ಲ. ಮರುದಿನ ಉದ್ಘಾಟನೆ, ಚಪ್ಪರ ಎದ್ದಿತ್ತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಕೈಗೇ ಕೊಟ್ಟು, 'ಬೇಗ ಹಾಕು ತಾಯಿ' ಅಂದ್ರು."

"ಆಮೇಲೆ?"

"ಎತ್ತಿದೆ. ಇಳಿಸಿದೆ."

"ಎಷ್ಟು ಸಲ?"

"ಮೂರು ಸಲ. ಆಮೇಲೆ ಪೆನ್ನನ್ನು ಅವರ ಮೇಜಿನ ಮೇಲೇ ಇಟ್ಟು ಬಂದೆ." ಅವಳು ಆದೇಶವನ್ನು ಮಡಿಸಿದಳು. "ಹೋಗುವ ಊರಿನಲ್ಲಿ ಗುರಿ ಕಲಿಸೋರೂ ಇಲ್ಲವಂತೆ. ತಂಡ ಹೋಯಿತು, ಈಗ ಪಿಸ್ತೂಲೂ ಹೋಯಿತು. ಇದಕ್ಕೂ ಬೀಜವೇ ಹಾಕ್ತೀರಾ?"

ಗುರುಗಳು ಟ್ರಂಕು ತೆರೆದು, ಬಟ್ಟೆಯ ಗಂಟಿನಿಂದ ಮಾಸಿದ ಪದಕವೊಂದನ್ನು ತೆಗೆದರು. ಅದು ಮೂರನೆಯದು.

"ಇದಕ್ಕಾಗಿ ಹೊರಟಾಗ ನನಗೆ ನಿನ್ನ ವಯಸ್ಸು. ರೈಲಿಗೆ ಹೊತ್ತಾಗಿತ್ತು. ಕಾಲುವೆಯ ಹೊಸ ತೂಬನ್ನು ನೋಡದೆಯೇ ರುಜು ಹಾಕಿದೆ. ಚಿನ್ನ ತಗೊಂಡು ಬರೋ ಹೊತ್ತಿಗೆ ತೂಬು ಕಿತ್ತು, ನಾಟಿ ಮಾಡಿದ ಬಯಲೆಲ್ಲ ಕೊಚ್ಚಿಹೋಗಿತ್ತು."

ಅವರು ಒಂದು ಬೀಜವನ್ನು ಆರಿಸಿ ಅವಳ ಅಂಗೈಯಲ್ಲಿಟ್ಟರು.

"ಇದು ಅವತ್ತು ನನ್ನ ಲೋಟಕ್ಕೆ ಬೀಳಬೇಕಿದ್ದ ಬೀಜ, ಮಗಳೇ. ನಿನ್ನ ಲೋಟಕ್ಕೆ ನೀನೇ ಹಾಕು."

ನನಗೆ ತಿಳಿದದ್ದು ಇಷ್ಟು. ತಪ್ಪುಗಳಿದ್ದರೆ ಓದಿದವರು ಮನ್ನಿಸಬೇಕು.