ಮುಳ್ಳುಹಂದಿಯ ಹೆಣಿಗೆ ಮತ್ತು ಪುನುಗಿನ ಬೆಕ್ಕು

ಬೆಟ್ಟದ ನೆತ್ತಿಯ ಒಂದು ಕಾಡಿನಲ್ಲಿ ಮುಳ್ಳುಹಂದಿಯೊಂದು ವಾಸವಾಗಿತ್ತು. ಅದಕ್ಕೆ ವಯಸ್ಸಾಗಿತ್ತು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕಾಡಿನ ಪ್ರಾಣಿಗಳು ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದವು.

ಆ ವರ್ಷದ ಮಳೆಗೆ ಮುಳ್ಳುಹಂದಿಯ ಬಿಲ ಕುಸಿಯಿತು. ಅದು ಒಳಗೇ ಸಿಕ್ಕಿಕೊಂಡಿತು. ಮೊಲ ಓಡಿಬಂದು ಮಣ್ಣನ್ನು ಕೆದರಿತು. ಕರಿಮೋರೆಯ ಮುಸುವ ಕಲ್ಲುಗಳನ್ನು ಎತ್ತಿ ಎಸೆಯಿತು. ದುಂಡು ಕಣ್ಣಿನ ಕಾಡುಪಾಪವೂ ಹೊರಟಿತು. ಅದು ಬಹಳ ನಿಧಾನದ ಪ್ರಾಣಿ. ಅದು ತಲುಪುವ ಹೊತ್ತಿಗೆ ಕೆಲಸ ಮುಗಿದಿತ್ತು. ಆದರೂ ಅದು ತನ್ನ ಪುಟ್ಟ ಕೈಯಿಂದ ಅಜ್ಜಿಯ ಕಣ್ಣಿನ ಕೆಸರನ್ನು ಒರೆಸಿತು.

"ನಿಮ್ಮ ಉಪಕಾರ ನೆನಪಿರುತ್ತದೆ," ಎಂದಿತು ಮುಳ್ಳುಹಂದಿ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಬಿದ್ದ ಮರವೊಂದರ ಕೆಳಗೆ ಹೋಗಿ ಬಿಡಾರ ಮಾಡಿತು. ಅಲ್ಲಿ ಎರಡೂ ಕಡೆಯಿಂದ ಗಾಳಿ ನುಗ್ಗುತ್ತಿತ್ತು.

ಆ ಕಾಡಿನಲ್ಲಿ ಚಳಿ ಕಠಿಣವಾಗಿತ್ತು. ಪುಷ್ಯಮಾಸದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಉಪ್ಪು ಸುರಿದಂತೆ ನಿಲ್ಲುತ್ತಿತ್ತು. ಬಯಲಿನಲ್ಲಿ ಮಲಗಿದ ಮುದಿಪ್ರಾಣಿಗಳಲ್ಲಿ ಕೆಲವು ಬೆಳಿಗ್ಗೆ ಏಳುತ್ತಿರಲಿಲ್ಲ. ಆದ್ದರಿಂದ ಪ್ರಾಣಿಗಳು ಆ ತಿಂಗಳನ್ನು ಬಿಸಿಲುಗವಿಯಲ್ಲಿ ಒಟ್ಟಾಗಿ ಕಳೆಯುತ್ತಿದ್ದವು. ಗವಿ ಚಿಕ್ಕದು. ಆ ವರ್ಷ ಅದರಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಅದನ್ನು ಯಾರಿಗೆ ಕೊಡಬೇಕೆಂದು ಹಿರಿಯ ಆಮೆ ಪುಷ್ಯದ ಮೊದಲ ದಿನ ತೀರ್ಮಾನಿಸಬೇಕಾಗಿತ್ತು.

ಮುಳ್ಳುಹಂದಿ ಒಮ್ಮೆ ಆಮೆಯ ಬಳಿಗೆ ಹೋಗಿ ಹೇಳಿತು: "ನನ್ನ ಕೀಲುಗಳು ಚಳಿಗೆ ಬಿಗಿಯುತ್ತವೆ. ಈ ಚಳಿಗಾಲವನ್ನು ಹೊರಗೆ ಕಳೆಯುವುದು ನನ್ನಿಂದ ಆಗದು. ಜಾಗವಿದ್ದರೆ ತಿಳಿಸಿ." ಎರಡನೆಯ ಸಲ ಅದು ಕೇಳಲಿಲ್ಲ.

ಆ ಜಾಗದ ಮೇಲೆ ಪುನುಗಿನ ಬೆಕ್ಕಿಗೂ ಕಣ್ಣಿತ್ತು. ಅದಕ್ಕೆ ಬೆಚ್ಚಗಿನ ಮರದ ಪೊಟರೆಯೊಂದು ಇದ್ದೇ ಇತ್ತು. ಆದರೆ ಗವಿಯಲ್ಲಿ ಎಲ್ಲರೂ ಸೇರಿ ಹಣ್ಣುಗಳನ್ನು ಕೂಡಿಡುತ್ತಾರೆಂದು ಅದಕ್ಕೆ ತಿಳಿದಿತ್ತು. ಅದು ಮುಸುವನ ಮರದ ಕೆಳಗೆ ಬಂದು ಮಾತು ತೆಗೆಯಿತು.

"ಯೋಚಿಸು ತಮ್ಮಾ. ಮುಳ್ಳಜ್ಜಿಯ ಪಕ್ಕದಲ್ಲಿ ಮಲಗಿದವನು ಬೆಳಿಗ್ಗೆ ಜರಡಿಯಾಗಿ ಏಳುತ್ತಾನೆ."

"ನಿನ್ನ ಪಕ್ಕದಲ್ಲಿ ಮಲಗಿದವನು ಮೂಗು ಮುಚ್ಚಿಕೊಂಡು ಏಳುತ್ತಾನೆ," ಎಂದಿತು ಮುಸುವ.

"ವಾಸನೆಯಿಂದ ರಕ್ತ ಬರುವುದಿಲ್ಲವಲ್ಲ," ಎಂದು ಪುನುಗಿನ ಬೆಕ್ಕು ನಕ್ಕಿತು.

ಆ ಮಾತು ಮುಸುವನ ಮನಸ್ಸನ್ನು ಹೊಕ್ಕಿತ್ತು.

ಇತ್ತ ಮುಳ್ಳುಹಂದಿ ಬೇರೊಂದು ಕೆಲಸದಲ್ಲಿ ತೊಡಗಿತ್ತು. ಮಳೆ ಮುಗಿದ ಮೇಲೆ ಕುರುಬರ ಮಂದೆ ಕಾಡಿನ ಅಂಚಿನಲ್ಲಿ ಹಾದುಹೋಗಿತ್ತು. ಕಾರೆಪೊದೆಗಳಿಗೆ ಕುರಿಗಳ ಉಣ್ಣೆ ಸಿಕ್ಕಿಕೊಂಡಿತ್ತು. ಅದನ್ನು ಮುಳ್ಳುಹಂದಿ ಎಳೆಎಳೆಯಾಗಿ ಬಿಡಿಸಿ ತಂದಿತು. ಕಸವನ್ನು ಆರಿಸಿತು. ಹೊಳೆಯಲ್ಲಿ ತೊಳೆದು ಒಣಗಿಸಿತು. ಹೊಸೆದು ನೂಲು ಮಾಡಿತು. ತನ್ನ ಮೈಯಿಂದ ಉದುರಿದ ಉದ್ದ ಮುಳ್ಳುಗಳನ್ನೇ ಹೆಣಿಗೆಯ ಕಡ್ಡಿಗಳನ್ನಾಗಿ ಹಿಡಿಯಿತು. ಬಿಲ ಕುಸಿದಾಗ ನೆರವಿಗೆ ಬಂದ ಮೂವರು ಗೆಳೆಯರಿಗೆ ಒಂದೊಂದು ಉಡುಗೊರೆ ಹೆಣೆಯಬೇಕೆಂದು ಅದು ನಿಶ್ಚಯಿಸಿತ್ತು. ಮೊಲಕ್ಕೆ ಹಿಂಗಾಲಿನ ಕಾಲುಚೀಲ. ಕಾಡುಪಾಪಕ್ಕೆ ಕೈಗವಸು. ಮುಸುವನಿಗೆ ಟೋಪಿ.

ಅಳತೆಯನ್ನು ಅದು ಯಾರಿಗೂ ತಿಳಿಯದಂತೆ ತೆಗೆದುಕೊಂಡಿತು. ಹೊಳೆಯ ದಡದಲ್ಲಿ ಮೂಡಿದ್ದ ಮೊಲದ ಹೆಜ್ಜೆಗೆ ಹುಲ್ಲುಕಡ್ಡಿ ಹಿಡಿದು ನೋಡಿತು. ಕಾಡುಪಾಪದ ಕೈಯನ್ನು ಒಂದು ದಿನ ಆಶೀರ್ವದಿಸುವ ನೆವದಲ್ಲಿ ಹಿಡಿದು, ಹೆಬ್ಬೆರಳಿನ ಉದ್ದವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿತು. ಮುಸುವನ ತಲೆ ಯಾವ ಗಾತ್ರದ್ದೆಂದು ಬಹಳ ಯೋಚಿಸಿ, ಕೊನೆಗೆ ಒಂದು ಕಾಡುಹಲಸಿನ ಕಾಯಿಯನ್ನು ಆರಿಸಿ ಅದಕ್ಕೆ ತಕ್ಕಂತೆ ಹೆಣೆಯಿತು.

ಮುಳ್ಳುಹಂದಿಗಳ ಹೆಣಿಗೆಯಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಕಾಲುಚೀಲವನ್ನು ಬೆರಳಿನ ತುದಿಯಿಂದ ಮೇಲಕ್ಕೆ ಹೆಣೆಯಬೇಕು. ಟೋಪಿಯನ್ನು ನೆತ್ತಿಯಿಂದ ಕೆಳಕ್ಕೆ ಹೆಣೆಯಬೇಕು. ಕೊನೆಯ ಸಾಲಿನ ಕುಣಿಕೆಗಳನ್ನು ಮುಚ್ಚಬಾರದು. ಅವುಗಳನ್ನು ಒಂದು ಮುಳ್ಳುಕಡ್ಡಿಗೆ ಪೋಣಿಸಿ ಹಾಗೆಯೇ ಇಡಬೇಕು. ತೊಡುವವರು ತೊಟ್ಟು ನೋಡಿದ ಮೇಲೆ, ಬಿಗಿಯೋ ಸಡಿಲವೋ ಕೇಳಿ, ಅವರ ಮೈಮೇಲೆಯೇ ಕೊನೆಯ ಸಾಲನ್ನು ಮುಚ್ಚಬೇಕು. ಕಣ್ಣಳತೆ ತಪ್ಪಬಹುದು, ತೊಟ್ಟ ಕಾಲು ತಪ್ಪು ಹೇಳುವುದಿಲ್ಲ ಎಂದು ಮುಳ್ಳುಹಂದಿಗೆ ಅದರ ತಾಯಿ ಕಲಿಸಿದ್ದಳು.

ಪುಷ್ಯದ ಮೊದಲ ದಿನದ ಹೊತ್ತಿಗೆ ಐದೂ ಸಿದ್ಧವಾಗಿದ್ದವು. ಎರಡು ಕಾಲುಚೀಲ, ಎರಡು ಕೈಗವಸು, ಒಂದು ಟೋಪಿ. ಪ್ರತಿಯೊಂದರ ಬಾಯಿಯಲ್ಲಿಯೂ ಒಂದೊಂದು ಮುಳ್ಳುಕಡ್ಡಿ ಇತ್ತು. ಮುಳ್ಳುಹಂದಿ ಅವುಗಳನ್ನು ಒಣಗಿದ ಎಲೆಗಳ ಮೇಲೆ ಇಟ್ಟು, ಬೆಳಗಿನ ಆಹಾರಕ್ಕೆ ಗೆಡ್ಡೆ ಅಗೆಯಲು ಹೋಯಿತು.

ಆಗ ಪುನುಗಿನ ಬೆಕ್ಕು ಅಲ್ಲಿಗೆ ಬಂದಿತು. ಅಜ್ಜಿ ಇನ್ನೂ ಜಾಗ ಕೇಳುವ ಯೋಚನೆಯಲ್ಲಿದ್ದಾಳೋ ಇಲ್ಲವೋ ಎಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಅಜ್ಜಿ ಇರಲಿಲ್ಲ. ಉಡುಗೊರೆಗಳಿದ್ದವು.

"ಇವುಗಳನ್ನು ನಾನೇ ಹೆಣೆದೆ ಎಂದು ಹಂಚಿದರೆ, ಆ ಜಾಗ ನನ್ನದೇ," ಎಂದು ಅದು ಲೆಕ್ಕ ಹಾಕಿತು. "ಆದರೆ ಈ ಮುಳ್ಳುಗಳನ್ನು ನೋಡಿದವರಿಗೆ ಇದು ಯಾರ ಕೆಲಸವೆಂದು ಕೂಡಲೇ ತಿಳಿಯುತ್ತದೆ."

ಅದು ಐದೂ ಕಡ್ಡಿಗಳನ್ನು ಎಳೆದು ನೆಲಕ್ಕೆ ಎಸೆಯಿತು. ಉಂಡೆಯಿಂದ ಬಂದಿದ್ದ ನೂಲನ್ನು ಹಲ್ಲಿನಿಂದ ಕಡಿಯಿತು. ಉಡುಗೊರೆಗಳನ್ನು ಕಚ್ಚಿಕೊಂಡು ಗವಿಯ ಕಡೆಗೆ ನಡೆಯಿತು.

ಗವಿಯ ಮುಂದೆ ಪ್ರಾಣಿಗಳು ಬಿಸಿಲಿಗೆ ಕುಳಿತಿದ್ದವು. ಪುನುಗಿನ ಬೆಕ್ಕು ಉಡುಗೊರೆಗಳನ್ನು ಹಂಚಿತು. ಮೊಲ ಕಾಲುಚೀಲಗಳನ್ನು ತೊಟ್ಟು ಎರಡು ಸಲ ಕುಪ್ಪಳಿಸಿತು.

"ಅಣ್ಣಾ, ನಿನಗೆ ಹೆಣಿಗೆ ಯಾವಾಗ ಬಂತು?"

"ಕಲಿಯುವವನಿಗೆ ಕಾಲವೇನು? ಮಳೆಗಾಲವೆಲ್ಲ ಪೊಟರೆಯಲ್ಲಿ ಕುಳಿತು ಹೆಣೆದೆ. ನಿಮ್ಮೆಲ್ಲರ ಚಳಿ ನೆನೆದು ನನಗೆ ನಿದ್ರೆಯೇ ಬರುತ್ತಿರಲಿಲ್ಲ."

"ನಿನಗೆ ನಿದ್ರೆ ಬಾರದ್ದನ್ನು ನಾನು ನೋಡಿಲ್ಲ," ಎಂದಿತು ಮುಸುವ. ಆದರೂ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿತು. ಟೋಪಿ ಬೆಚ್ಚಗಿತ್ತು.

ಹಿರಿಯ ಆಮೆ ಕುತ್ತಿಗೆಯನ್ನು ಚಾಚಿ ನೋಡಿತು. "ಎಲ್ಲದರಲ್ಲಿಯೂ ನೂಲಿನ ತುದಿ ಜೋತುಬಿದ್ದಿದೆಯಲ್ಲ, ಏಕೆ?"

"ಅದು ಅಲಂಕಾರ, ಆಮೆಯಜ್ಜ."

ಆಮೆ ಆ ತುದಿಗಳನ್ನು ಮತ್ತೊಮ್ಮೆ ನೋಡಿತು. "ಒಳ್ಳೆಯದು. ಗೆಳೆಯರಿಗಾಗಿ ಇಷ್ಟು ಶ್ರಮಪಟ್ಟವನಿಗೆ ಜಾಗ ಕೊಡುವುದು ನ್ಯಾಯ. ಎಲ್ಲರೂ ಹೊಳೆಗೆ ಹೋಗಿ ನೀರು ಕುಡಿದು ಬನ್ನಿ. ಬಂದ ಮೇಲೆ ನನ್ನ ಮಾತನ್ನು ಹೇಳುತ್ತೇನೆ."

ಹೊಳೆಯ ದಾರಿಯ ಎರಡೂ ಬದಿಗೆ ಕಾರೆಪೊದೆಗಳಿದ್ದವು. ಮೊಲ ಮುಂದೆ ಓಡಿತು. ಅದರ ಬಲಗಾಲಿನ ನೂಲಿನ ತುದಿ ಒಂದು ಮುಳ್ಳಿಗೆ ಸಿಕ್ಕಿಕೊಂಡಿತು. ಹಿಡಿಯಲು ಕಡ್ಡಿಯಿಲ್ಲದ ಕುಣಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಮೊಲ ಓಡಿದಷ್ಟೂ ಚೀಲ ಕರಗಿತು. ಹೊಳೆಯನ್ನು ತಲುಪಿದಾಗ ಅದರ ಬಲಗಾಲು ಬರಿದಾಗಿತ್ತು, ಎಡಗಾಲಿನಲ್ಲಿ ಅರ್ಧ ಚೀಲ ಉಳಿದಿತ್ತು. ಮುಸುವ ಕೊಂಬೆಯಿಂದ ಕೊಂಬೆಗೆ ಹಾರಿ ಬಂದಿತು. ಅದರ ನೂಲು ಮೊದಲ ಕೊಂಬೆಯಲ್ಲಿಯೇ ಸಿಕ್ಕಿಕೊಂಡಿತ್ತು. ಟೋಪಿಯಲ್ಲಿ ಉಳಿದದ್ದು ನೆತ್ತಿಯ ಮೇಲಿನ ಒಂದು ಬಿಲ್ಲೆ ಮಾತ್ರ.

ಕಾಡುಪಾಪ ದಾರಿಯ ನಡುವೆ ನಿಂತು ತನ್ನ ಕೈಗಳನ್ನು ನೋಡುತ್ತಿತ್ತು. ಕೈಗವಸು ಬಿಚ್ಚಿಕೊಳ್ಳುತ್ತಿರುವುದನ್ನು ಅದು ಆರಂಭದಲ್ಲಿಯೇ ಕಂಡಿತ್ತು.

"ಇದು... ಬಿಚ್ಚುತ್ತಿದೆಯೇ?" ಎಂದು ಅದು ಕೇಳಿ ಮುಗಿಸುವ ಹೊತ್ತಿಗೆ ಎರಡು ಹೆಬ್ಬೆರಳುಗಳ ಹೊದಿಕೆ ಮಾತ್ರ ಉಳಿದಿತ್ತು.

ಪ್ರಾಣಿಗಳು ನೂಲಿನ ಸಿಕ್ಕನ್ನು ಎಳೆದುಕೊಂಡು ಗವಿಗೆ ಹಿಂದಿರುಗಿದವು.

"ಉಣ್ಣೆ ಕಳಪೆ," ಎಂದಿತು ಪುನುಗಿನ ಬೆಕ್ಕು. "ಕುರುಬರು ಈಗ ಒಳ್ಳೆಯ ಕುರಿ ಸಾಕುವುದಿಲ್ಲ."

"ಇರಬಹುದು," ಎಂದಿತು ಆಮೆ. "ಮೊಲದ ಎಡಗಾಲಿನಲ್ಲಿ ಅರ್ಧ ಉಳಿದಿದೆ. ಅದು ಬಿಚ್ಚದಂತೆ ನಿಲ್ಲಿಸು. ಹೆಣೆದವನಿಗೆ ಅದು ತಿಳಿದಿರಬೇಕು."

ಪುನುಗಿನ ಬೆಕ್ಕು ಚೀಲದ ಬಾಯಿಯನ್ನು ಹಿಡಿದು ನೂಲಿಗೆ ಗಂಟು ಹಾಕಿತು. ಗಂಟಿನ ಪಕ್ಕದಲ್ಲಿ ನಾಲ್ಕು ಕುಣಿಕೆಗಳು ಜಾರಿದವು. ಇನ್ನೊಂದು ಗಂಟು ಹಾಕಿತು. ಇನ್ನೂ ಎಂಟು ಜಾರಿದವು.

"ಅಣ್ಣಾ, ನೀನು ಮುಟ್ಟದಿದ್ದರೆ ಹೆಚ್ಚು ಹೊತ್ತು ಉಳಿಯುತ್ತಿತ್ತು," ಎಂದಿತು ಮೊಲ.

ಅಷ್ಟರಲ್ಲಿ ಮುಳ್ಳುಹಂದಿ ಬಂದಿತು. ಬರಿದಾದ ಎಲೆಹಾಸಿಗೆಯನ್ನೂ ನೆಲದ ಮೇಲೆ ಬಿದ್ದಿದ್ದ ಕಡ್ಡಿಗಳನ್ನೂ ಅದು ನೋಡಿತ್ತು. ಪೊದೆಯಿಂದ ಪೊದೆಗೆ ಹರಡಿದ್ದ ನೂಲಿನ ಜಾಡು ಹಿಡಿದೇ ಅದು ಗವಿಯವರೆಗೆ ಬಂದಿತ್ತು. ಅದು ಯಾರನ್ನೂ ದೂರಲಿಲ್ಲ. ಮೊಲದ ಮುಂದೆ ಕುಳಿತಿತು. ಒಂದು ಕಡ್ಡಿಯನ್ನು ತೆಗೆದು ಬಿಚ್ಚಿದ್ದ ಕುಣಿಕೆಗಳನ್ನು ಒಂದೊಂದಾಗಿ ಪೋಣಿಸಿತು. ಬಿಚ್ಚುವುದು ನಿಂತಿತು. ಮತ್ತೊಂದು ಕಡ್ಡಿ ಹಿಡಿದು ಎರಡು ಸಾಲು ಹೆಣೆಯಿತು.

"ಬಿಗಿಯಾಗಿದೆಯೇ?"

"ಇಲ್ಲ ಅಜ್ಜಿ. ಸರಿಯಾಗಿದೆ."

ಆಮೆ ಪುನುಗಿನ ಬೆಕ್ಕಿನ ಕಡೆಗೆ ತಿರುಗಿತು. "ನೀನೂ ಎರಡು ಕುಣಿಕೆ ಹಾಕು."

ಮುಳ್ಳುಹಂದಿ ಕಡ್ಡಿಗಳನ್ನು ಮುಂದಕ್ಕೆ ಚಾಚಿತು. ಪುನುಗಿನ ಬೆಕ್ಕು ಅವುಗಳನ್ನು ಹಿಡಿಯಲಿಲ್ಲ.

"ಈ ಕಡ್ಡಿಗಳನ್ನು ತೆಗೆದದ್ದೇಕೆ?" ಎಂದು ಮುಳ್ಳುಹಂದಿ ಕೇಳಿತು.

"ಇದ್ದಿದ್ದರೆ ನಿಮ್ಮದೆಂದು ಗೊತ್ತಾಗುತ್ತಿತ್ತು," ಎಂದು ಪುನುಗಿನ ಬೆಕ್ಕು ತಲೆ ತಗ್ಗಿಸಿ ಒಪ್ಪಿಕೊಂಡಿತು.

"ಇದ್ದಿದ್ದರೆ ಬಿಚ್ಚುತ್ತಲೂ ಇರಲಿಲ್ಲ," ಎಂದಿತು ಮುಳ್ಳುಹಂದಿ.

ಆಮೆ ಗಂಟಲು ಸರಿಪಡಿಸಿಕೊಂಡಿತು. "ಅಜ್ಜಿ, ಈ ಉಡುಗೊರೆಗಳು ನಿಮ್ಮವು. ಆದ್ದರಿಂದ ಜಾಗವೂ ನಿಮ್ಮದು."

"ಹಾಗೆ ಹೇಳಬೇಡಿ," ಎಂದಿತು ಮುಳ್ಳುಹಂದಿ. "ನಾನು ಜಾಗಕ್ಕಾಗಿ ಹೆಣೆಯಲಿಲ್ಲ. ಉಡುಗೊರೆಗೆ ಪ್ರತಿಫಲ ಪಡೆದರೆ ಅದು ಕೂಲಿಯಾಗುತ್ತದೆ. ಜಾಗದ ವಿಷಯವನ್ನು ಇದರಿಂದ ಬೇರೆ ಮಾಡಿ ಯೋಚಿಸಿ."

ಮುಸುವ ಅಜ್ಜಿಯ ಬೆನ್ನಿನ ಮುಳ್ಳುಗಳನ್ನು ನೋಡಿತು. ತನ್ನ ಮೈಯನ್ನು ತಾನೇ ತುರಿಸಿಕೊಂಡಿತು. ಮುಳ್ಳುಹಂದಿ ಅದನ್ನು ಗಮನಿಸಿತು. ಕಡ್ಡಿಗಳನ್ನು ಎತ್ತಿಕೊಂಡು, ಬಿದ್ದ ಮರದ ಕಡೆಗೆ ಹೊರಡಲು ಎದ್ದಿತು.

ಆಗ ಕಾಡುಪಾಪ ಮಾತನಾಡಿತು. ಅದರ ಮಾತಿಗೆ ಎಲ್ಲರೂ ಕಾಯಬೇಕಾಯಿತು.

"ಅಜ್ಜಿ ನನ್ನ ಹೆಬ್ಬೆರಳಿನ ಅಳತೆಯನ್ನೂ ತಿಳಿದುಕೊಂಡಿದ್ದಾರೆ. ಅಜ್ಜಿ ಎಲ್ಲಿ ಮಲಗುತ್ತಾರೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ."

ಮೊಲ ತನ್ನ ಎಡಗಾಲನ್ನು ನೋಡಿಕೊಂಡಿತು. ಮುಸುವ ತುರಿಸಿಕೊಳ್ಳುವುದನ್ನು ನಿಲ್ಲಿಸಿತು.

"ಹಾಗಾದರೆ ಈಗ ಕೇಳೋಣ," ಎಂದಿತು ಆಮೆ. "ಅಜ್ಜಿ, ಒಳಗೆ ಬಂದರೆ ನೀವು ಎಲ್ಲಿ ಮಲಗುತ್ತೀರಿ?"

"ಬಾಗಿಲಲ್ಲಿ," ಎಂದಿತು ಮುಳ್ಳುಹಂದಿ. "ಮುಖ ಒಳಗೆ, ಮುಳ್ಳು ಹೊರಗೆ. ಗಾಳಿಯನ್ನು ತಡೆದಂತಾಗುತ್ತದೆ. ಚಿರತೆಯೂ ಎರಡು ಸಲ ಯೋಚಿಸುತ್ತದೆ."

"ಇದನ್ನು ಮೊದಲೇ ಹೇಳಬಾರದಿತ್ತೇ ಅಜ್ಜಿ?" ಎಂದಿತು ಮುಸುವ.

"ನೀವು ಮೊದಲೇ ಕೇಳಬೇಕಿತ್ತು."

ಆ ಚಳಿಗಾಲದಲ್ಲಿ ಮುಳ್ಳುಹಂದಿ ಬಿಸಿಲುಗವಿಯ ಬಾಗಿಲಲ್ಲಿ ಮಲಗಿತು. ಯಾರ ಮೈಗೂ ಮುಳ್ಳು ತಾಗಲಿಲ್ಲ. ಪುನುಗಿನ ಬೆಕ್ಕು ತನ್ನ ಪೊಟರೆಯಲ್ಲಿಯೇ ಉಳಿಯಿತು. ಆದರೆ ಆಮೆಯ ಆಜ್ಞೆಯಂತೆ ಅದು ಪ್ರತಿದಿನ ಬೆಳಿಗ್ಗೆ ಗವಿಯ ಮುಂದೆ ಹಾಜರಾಗಬೇಕಾಗಿತ್ತು. ಮೊದಲು ಅದು ಪೊದೆಗಳಿಗೆ ಸಿಕ್ಕಿಕೊಂಡಿದ್ದ ನೂಲನ್ನೆಲ್ಲ ಬಿಡಿಸಿ ತಂದಿತು. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಮೂಗಿನ ತುಂಬ ಗೀರುಗಳಾದವು. ಆಮೇಲೆ ಎರಡು ಮುಂಗಾಲುಗಳನ್ನೂ ನೇರವಾಗಿ ಚಾಚಿ, ಅವುಗಳ ಮೇಲೆ ನೂಲಿನ ಲಡಿಯನ್ನು ಹೊತ್ತು, ಮುಳ್ಳುಹಂದಿ ಉಂಡೆ ಸುತ್ತಿ ಮುಗಿಸುವವರೆಗೆ ಅಲುಗಾಡದೆ ಕುಳಿತುಕೊಳ್ಳುವುದೇ ಅದರ ಕೆಲಸವಾಯಿತು.

ಟೋಪಿ ಮುಗಿಯಿತು. ಕೈಗವಸು ಮುಗಿಯಿತು. ಪ್ರತಿಯೊಂದರ ಕೊನೆಯ ಸಾಲನ್ನೂ ಮುಳ್ಳುಹಂದಿ ತೊಟ್ಟವರ ಮೈಮೇಲೆಯೇ ಮುಚ್ಚಿತು. ಮೊಲದ ಬಲಗಾಲಿನ ಚೀಲ ಮಾತ್ರ ಉಳಿದಿತ್ತು. ಒಂದು ಬೆಳಿಗ್ಗೆ ಮೊಲ ಮೆಲ್ಲಗೆ ಕೇಳಿತು:

"ಅಜ್ಜಿ, ನಮಗೆಲ್ಲ ಒಂದೊಂದು ಕೊಟ್ಟಿರಿ. ಅವನಿಗೆ ಏನೂ ಇಲ್ಲವೇ?"

"ಅವನಿಗೆ ಕೆಲಸ ಕೊಟ್ಟಿದ್ದೇನೆ," ಎಂದಿತು ಮುಳ್ಳುಹಂದಿ. "ಕೈ ನೇರವಾಗಿ ಹಿಡಿ, ಪುನುಗಾ. ನೂಲು ಸಡಿಲವಾಗುತ್ತಿದೆ."

ನೀತಿ: ಪರರ ದುಡಿಮೆಯನ್ನು ತನ್ನದೆಂದು ಹೇಳಿಕೊಳ್ಳುವುದು ಸುಲಭ. ಅದನ್ನು ಬಿಚ್ಚದಂತೆ ಉಳಿಸಿಕೊಳ್ಳುವ ವಿದ್ಯೆ ದುಡಿದವರಲ್ಲಿ ಮಾತ್ರ ಇರುತ್ತದೆ.