ಕಾಡುಕೋಣದ ಕಪ್ಪು ಗಾಡಿ

ಏಳು ತಿರುವಿನ ಗುಡ್ಡದ ಬುಡದಲ್ಲಿ ಒಂದು ಕಾಡಿತ್ತು. ಆ ಕಾಡಿನ ಪ್ರಾಣಿಗಳಿಗೆ ಗಾಡಿ ಓಡಿಸುವುದು ಗೊತ್ತಿತ್ತು. ಆದರೆ ಗಾಡಿ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಒಂದು ಚಿರತೆ ಕೆಂಚಪ್ಪನದು. ಇನ್ನೊಂದು ಕರಡಿ ಕರಿಯವ್ವನದು.

ಚಿರತೆಯದು ಕೆಂಪು ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾಗಿತ್ತು. ಒಳಗೆ ಎರಡೇ ಸೀಟು. ಒಂದರಲ್ಲಿ ಚಿರತೆ ಕೂತು, ಇನ್ನೊಂದರಲ್ಲಿ ಬಾಲ ಇಟ್ಟರೆ ಮುಗಿಯಿತು. ಆದರೆ ಓಟ ಅಂದರೆ ಓಟ! ಮುಸುವ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರುವಷ್ಟರಲ್ಲಿ ಕಾರು ಬಯಲು ದಾಟಿರುತ್ತಿತ್ತು. ದಾರಿಯಲ್ಲಿ ಕಲ್ಲು ಸಿಕ್ಕಿದರೆ ಮಾತ್ರ ಅದರ ಹೊಟ್ಟೆ ಉಜ್ಜಿ ಕರ್ರ್ ಅನ್ನುತ್ತಿತ್ತು. ಆಗ ಚಿರತೆ ಇಳಿದು, ಬಗ್ಗಿ ನೋಡಿ, ಕಣ್ಣು ಒರೆಸಿಕೊಳ್ಳುತ್ತಿತ್ತು.

ಕರಡಿಯದು ಉದ್ದನೆಯ ಹಳದಿ ಗಾಡಿ. ಮೂರು ಸಾಲು ಸೀಟು. ಕರಡಿಯ ಮೂರು ಮರಿಗಳು, ಮುಳ್ಳುಹಂದಿ ಅಜ್ಜಿ, ಮೊಲದ ಇಡೀ ಸಂಸಾರ, ಜೇನಿನ ಡಬ್ಬಗಳು, ಮೇಲೊಂದು ಹಲಸಿನ ಹಣ್ಣು. ಇಷ್ಟೆಲ್ಲ ತುಂಬಿದರೂ ಕಾಲು ಚಾಚಿ ಕೂರಲು ಜಾಗ ಇರುತ್ತಿತ್ತು. ಆದರೆ ಏರು ಬಂತೋ, ಗಾಡಿ ನರಳುತ್ತಿತ್ತು. ಒಮ್ಮೆ ಆಮೆ ಅದರ ಪಕ್ಕದಲ್ಲೇ ನಡೆಯುತ್ತಾ, "ಎಲ್ಲಿಗೆ ಹೊರಟೆ ಕರಿಯವ್ವಾ?" ಎಂದು ಕೇಳಿ, ಪೂರ್ತಿ ಉತ್ತರ ಕೇಳಿಸಿಕೊಂಡು, ಆಮೇಲೆ ಗಾಡಿಯನ್ನು ಹಿಂದೆ ಹಾಕಿ ಹೋಗಿತ್ತು.

ಹೀಗಾಗಿ ಕಾಡಿನ ಪ್ರಾಣಿಗಳೆಲ್ಲ ಒಂದು ತೀರ್ಮಾನಕ್ಕೆ ಬಂದಿದ್ದವು. ಓಡುವ ಗಾಡಿಯಲ್ಲಿ ಜಾಗ ಇರುವುದಿಲ್ಲ, ಜಾಗ ಇರುವ ಗಾಡಿ ಓಡುವುದಿಲ್ಲ. ಎರಡೂ ಒಟ್ಟಿಗೆ ಎಲ್ಲಿ ಸಿಗುತ್ತದೆ?

ಒಂದು ಬೆಳಿಗ್ಗೆ ನೆಲ ನಡುಗಿತು. ಮರದ ಮೇಲಿನ ಗಿಳಿಗಳು ಒಮ್ಮೆಲೇ ಹಾರಿದವು.

"ಗುಡುಗಿತಾ?" ಎಂದಿತು ಮೊಲ.

"ಮಳೆಗಾಲ ಇನ್ನೂ ಶುರುವಾಗಿಲ್ಲವಲ್ಲ!" ಎಂದಿತು ಮುಳ್ಳುಹಂದಿ ಅಜ್ಜಿ.

ಮಂಜಿನೊಳಗಿಂದ ಎರಡು ದೀಪ ಕಂಡವು. ದೀಪಗಳ ಹಿಂದೆ ಕಪ್ಪಗೆ ಏನೋ ಎದ್ದು ಬಂತು. ಪ್ರಾಣಿಗಳು ಮೊದಲು ಅದನ್ನು ಬಂಡೆ ಅಂದುಕೊಂಡವು. ಆದರೆ ಬಂಡೆ ಓಡುವುದಿಲ್ಲ. ಅದು ಓಡಿ ಬಂದು, ಅವುಗಳ ಮುಂದೆಯೇ ಮೆಲ್ಲಗೆ ನಿಂತಿತು. ಒಂದೊಂದು ಚಕ್ರವೂ ಎದ್ದು ಕೂತ ಕರಡಿಮರಿಯಷ್ಟು ಎತ್ತರ. ಮುಂಭಾಗ ಅಗಲ, ಗಂಭೀರ. ಇಂಜಿನ್ ಆಫ್ ಆದ ಮೇಲೂ ಅದರ ಗುಂಯ್‌ಗುಡುವಿಕೆ ಪ್ರಾಣಿಗಳ ಎದೆಯೊಳಗೆ ಸ್ವಲ್ಪ ಹೊತ್ತು ಉಳಿದಿತ್ತು. ಅಳಿಲು ಬಾಯಲ್ಲಿದ್ದ ಕಾಯಿಯನ್ನು ಅಗಿಯುವುದನ್ನೇ ಮರೆತಿತ್ತು.

ಬಾಗಿಲು ತೆರೆದು ಕಾಡುಕೋಣ ಭರಮಣ್ಣ ಕೆಳಗಿಳಿಯಿತು. ಮೂರು ವರ್ಷ ಆಚೆ ಕಣಿವೆಯಲ್ಲಿದ್ದು ಈಗ ಮನೆಗೆ ಮರಳಿತ್ತು.

"ಇದೇನು ಗಾಡಿ ಭರಮಣ್ಣ?" ಎಂದು ಕರಡಿ ಮೆಲುದನಿಯಲ್ಲಿ ಕೇಳಿತು.

"ಎಸ್‌ಯುವಿ ಅಂತಾರೆ ಕರಿಯವ್ವ. ಕಲ್ಲು, ಕೆಸರು, ಏರು, ಯಾವುದಕ್ಕೂ ಹೆದರಲ್ಲ. ಓಡೋಕೂ ಬರುತ್ತೆ. ಹತ್ತಿ ನೋಡಿ."

ಮೊಲ, ಅಳಿಲು, ಮುಳ್ಳುಹಂದಿ ಅಜ್ಜಿ ಹತ್ತಿದವು. ಕರಡಿಯೂ ಹತ್ತಿತು. ಅದರ ಹಳದಿ ಗಾಡಿಯಷ್ಟು ಜಾಗ ಇರಲಿಲ್ಲ, ಆದರೂ ಎಲ್ಲವೂ ಆರಾಮವಾಗಿ ಕೂತವು. ಅಷ್ಟರಲ್ಲಿ ಚಿರತೆ ತನ್ನ ಕೆಂಪು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿತು.

"ಈ ಗುಡ್ಡ ನನ್ನ ಜೊತೆ ಓಡುತ್ತಾ?" ಎಂದು ಕೇಳಿ ಮೀಸೆ ಕುಣಿಸಿತು.

"ನೋಡೋಣ," ಎಂದಿತು ಕಾಡುಕೋಣ.

ಎರಡೂ ಗಾಡಿಗಳು ಬಯಲಿಗೆ ನುಗ್ಗಿದವು. ಕರಡಿಯ ಬೆನ್ನು ಸೀಟಿಗೆ ಒತ್ತಿಕೊಂಡಿತು. ಅಜ್ಜಿಯ ಮುಳ್ಳುಗಳೆಲ್ಲ ಹಿಂದಕ್ಕೆ ಬಾಗಿದವು. ಕಿಟಕಿಯಾಚೆ ಹುಲ್ಲು ಹಸಿರು ನೀರಿನ ಹಾಗೆ ಹರಿಯಿತು. ಕಪ್ಪು ಗಾಡಿ ಕೆಂಪು ಕಾರಿಗೆ ಸರಿಸಮನಾಗಿ ಓಡುತ್ತಿತ್ತು! ಅಷ್ಟು ದೊಡ್ಡದು, ಅಷ್ಟು ಭಾರದ್ದು, ಅಷ್ಟೊಂದು ಮಂದಿಯನ್ನು ಹೊತ್ತದ್ದು! ಬಯಲಂಚಿನಲ್ಲಿ ನಿಂತ ಜಿಂಕೆಗಳು ಕಣ್ಣು ಮಿಟುಕಿಸಲಿಲ್ಲ. ಬೆಟ್ಟವೇ ಎದ್ದು ಓಡುತ್ತಿದೆ ಎಂದು ಅವುಗಳಿಗೆ ಅನ್ನಿಸಿತು.

ಬಯಲು ಮುಗಿದು ತಿರುವು ಬಂತು. ಕಾಡುಕೋಣ ಬ್ರೇಕ್ ಒತ್ತಿ ವೇಗ ಇಳಿಸಿತು. ಚಿರತೆ ಒಂದಿಷ್ಟೂ ನಿಧಾನಿಸದೆ ಸುಯ್ಯನೆ ತಿರುಗಿ ಮುಂದೆ ಹೋಗಿಬಿಟ್ಟಿತು.

"ಸೋತುಹೋದೆಯಲ್ಲ ಭರಮಣ್ಣ!" ಎಂದಿತು ಮೊಲ, ಬೇಸರದಿಂದ.

"ಸೋಲಲಿ ಬಿಡು. ಅವನ ಕಾರು ನೆಲಕ್ಕೆ ಹತ್ತಿರ, ಹಗುರ. ನನ್ನದು ಎತ್ತರ, ಭಾರ. ಹೊರಟರೆ ಹೊರಡುತ್ತೆ, ಆದರೆ ತಿರುವಿನಲ್ಲಿ ಇದಕ್ಕೆ ಸಮಯ ಕೊಡಬೇಕು," ಎಂದಿತು ಕಾಡುಕೋಣ.

ಇದನ್ನೆಲ್ಲ ದಾರಿ ಬದಿಯಲ್ಲಿ ನಿಂತು ನೋಡುತ್ತಿತ್ತು ನರಿ ಸೋಗಣ್ಣ. ನರಿಗೆ ಗಾಡಿ ಇರಲಿಲ್ಲ. ಚಿರತೆ ತನ್ನ ಬಾಲದ ಸೀಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕರಡಿ ಕರೆಯುತ್ತಿತ್ತು, ಆದರೆ ಜೇನಿನ ಡಬ್ಬಗಳ ನಡುವೆ ಕೂತು ಹೋಗುವುದು ನರಿಗೆ ಅವಮಾನ. ಕಪ್ಪು ಗಾಡಿ ವಾಪಸು ಬಂದು ನಿಂತಾಗ ನರಿ ಅದರ ಬಾಗಿಲ ಹತ್ತಿರ ಹೋಯಿತು. ಹೊಳೆಯುವ ಬಾಗಿಲಲ್ಲಿ ತನ್ನ ರೂಪ ಕಂಡಿತು. ಭುಜ ಅಗಲವಾಗಿ, ತಲೆ ದೊಡ್ಡದಾಗಿ ಕಾಣುತ್ತಿತ್ತು. ನರಿ ಬಹಳ ಹೊತ್ತು ಅಲ್ಲೇ ನಿಂತಿತು.

'ಇದರಲ್ಲಿ ಕೂತು ಚಿರತೆಯನ್ನು ಒಮ್ಮೆ ಸೋಲಿಸಿದರೆ ಸಾಕು. ಆಮೇಲೆ ಇಡೀ ಕಾಡು ನನಗೆ ನಮಸ್ಕಾರ ಹಾಕುತ್ತದೆ' ಎಂದುಕೊಂಡಿತು.

ಮರುದಿನ ಬೆಳಿಗ್ಗೆ ನರಿ ಕಾಡುಕೋಣದ ಆಲದ ಮರದ ಹತ್ತಿರ ಬಂತು. ಮುಖದಲ್ಲಿ ಚಿಂತೆ ತಂದುಕೊಂಡಿತ್ತು.

"ಭರಮಣ್ಣ, ಹೇಳಬಾರದು ಅಂದುಕೊಂಡೆ. ಮನಸ್ಸು ತಡೆಯಲಿಲ್ಲ. ನಿಮ್ಮ ಗಾಡಿಯ ಹಿಂದಿನ ಎಡಗಡೆ ಚಕ್ರ ಕುಂಯ್ ಅಂತಿದೆ."

"ನನಗೇನೂ ಕೇಳಿಸಲಿಲ್ಲವಲ್ಲ ಸೋಗಣ್ಣ."

"ಒಳಗೆ ಕೂತವರಿಗೆ ಹೇಗೆ ಕೇಳಿಸುತ್ತೆ? ಮಕ್ಕಳು ಮರಿ ಕೂರುವ ಗಾಡಿ. ನಾನು ಊರಂಚಿನ ಗ್ಯಾರೇಜಿನ ಹಿಂದೆ ಎರಡು ವರ್ಷ ಇದ್ದವನು, ನೋಡಿ ನೋಡಿ ರಿಪೇರಿ ಕಲಿತಿದ್ದೇನೆ. ಒಂದು ಹೊತ್ತು ಕೊಡಿ, ಸರಿಮಾಡಿ ತರುತ್ತೇನೆ."

ಮಕ್ಕಳು ಮರಿ ಎಂದ ಕೂಡಲೇ ಕಾಡುಕೋಣಕ್ಕೆ ಹೆದರಿಕೆಯಾಯಿತು. ಕೀ ಕೊಟ್ಟಿತು.

"ಮಧ್ಯಾಹ್ನದೊಳಗೆ ತಂದುಬಿಡು. ಗುಡ್ಡದ ಹಿಂದೆ ಮೋಡ ಕಟ್ಟುತ್ತಿದೆ. ಯಾರಿಗಾದರೂ ಬೇಕಾಗಬಹುದು."

"ಅಯ್ಯೋ, ಅಷ್ಟು ಹೊತ್ತು ಯಾಕೆ!" ಎಂದು ನರಿ ಕೀ ಕಚ್ಚಿಕೊಂಡು ಗಾಡಿ ಹತ್ತಿ ಹೊರಟಿತು.

ಅದು ಹೊರಟದ್ದು ಚಿರತೆಯ ಹತ್ತಿರ.

"ಕೆಂಚಪ್ಪ, ಭರಮಣ್ಣ ಗಾಡಿ ನನಗೇ ಕೊಟ್ಟುಬಿಟ್ಟ. ವಯಸ್ಸಾಯಿತಂತೆ, ಕಣ್ಣು ಮಂಜಂತೆ. ಧೈರ್ಯ ಇದ್ದರೆ ಬಾ, ಗುಡ್ಡದ ತುದಿಯಿಂದ ಹಳ್ಳದವರೆಗೆ ಪಂದ್ಯ!"

ಪಂದ್ಯ ಎಂದರೆ ಚಿರತೆಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಆಗಲಿ ಎಂದಿತು.

ಎರಡೂ ಗಾಡಿಗಳು ಗುಡ್ಡ ಹತ್ತಿದವು. ತುದಿಯಲ್ಲಿ ಸಣ್ಣ ಹನಿ ಉದುರುತ್ತಿತ್ತು. ರಸ್ತೆ ಒದ್ದೆಯಾಗಿತ್ತು. ಚಿರತೆ ಕೂಗಿ ಎಣಿಸಿತು. ಮೂರು ಎನ್ನುತ್ತಲೇ ನರಿ ಆಕ್ಸಿಲರೇಟರನ್ನು ಪೂರ್ತಿ ತುಳಿಯಿತು.

ಕಪ್ಪು ಗಾಡಿ ಗರ್ಜಿಸಿತು. ನರಿಯ ಉಸಿರೇ ನಿಂತ ಹಾಗಾಯಿತು. ಅಷ್ಟು ಬಲ ತನ್ನ ಪಾದದ ಕೆಳಗಿದೆ! ನರಿ ಹೆದರಬೇಕಿತ್ತು. ಅದರ ಬದಲು ಗಹಗಹಿಸಿ ನಕ್ಕಿತು. ಕೆಂಪು ಕಾರು ಹಿಂದೆ ಬಿತ್ತು. ಮೊದಲನೇ ತಿರುವು ಹೇಗೋ ದಾಟಿತು. ಎರಡನೇ ತಿರುವಿನಲ್ಲಿ ಒಂದು ಬದಿಯ ಚಕ್ರಗಳು ನೆಲ ಬಿಟ್ಟು ಎದ್ದು ಮತ್ತೆ ಧೊಪ್ಪನೆ ಕೂತವು. ಚಿರತೆ ಒಳಬದಿಯಿಂದ ನುಸುಳಿ ಮುಂದೆ ಹೋಯಿತು. ನರಿಗೆ ಸಿಟ್ಟು ಬಂತು. ಇನ್ನೂ ಜೋರಾಗಿ ತುಳಿಯಿತು.

ಮೂರನೇ ತಿರುವು ಬಂದಾಗ ನರಿ ಬ್ರೇಕ್ ಒತ್ತಿತು. ಸ್ಟೇರಿಂಗ್ ತಿರುಗಿಸಿತು. ಆದರೆ ಅಷ್ಟು ವೇಗದಲ್ಲಿ ಹೊರಟ ಅಷ್ಟು ಭಾರ ಎಲ್ಲಿ ನಿಲ್ಲುತ್ತದೆ? ಗಾಡಿ ಒದ್ದೆ ರಸ್ತೆಯ ಮೇಲೆ ಜಾರಿ, ನೇರವಾಗಿ ಲಂಟಾನದ ಪೊದೆಯೊಳಗೆ ನುಗ್ಗಿ, ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಂತಿತು. ಬಾಗಿಲು ತೆರೆದುಕೊಂಡು ನರಿ ಹಾರಿ ಮುಳ್ಳಿನ ಮೇಲೆ ಬಿತ್ತು.

ಚಿರತೆಗೆ ಇದು ಗೊತ್ತಾಗಲಿಲ್ಲ. ಅದು ಗೆದ್ದ ಖುಷಿಯಲ್ಲಿ ಹಳ್ಳದ ಹತ್ತಿರ ಬಂದು ನಿಲ್ಲಿಸಿತು. ಮುಂದೆ ನೋಡಿದರೆ ಎದೆ ಧಸಕ್ಕೆಂದಿತು.

ಗುಡ್ಡದ ಹಿಂದೆ ಜೋರು ಮಳೆಯಾಗಿ ಹಳ್ಳದಲ್ಲಿ ಕೆಂಪು ನೀರು ಏರುತ್ತಿತ್ತು. ನಟ್ಟನಡುವೆ ಹಳದಿ ಗಾಡಿ ಕೆಟ್ಟು ನಿಂತಿತ್ತು. ಮರಿಗಳು, ಮೊಲಗಳು, ಮುಳ್ಳುಹಂದಿ ಅಜ್ಜಿ ಎಲ್ಲ ಗಾಡಿಯ ತಲೆಯ ಮೇಲೆ ಹತ್ತಿ ಕೂತಿದ್ದವು. ಕರಡಿ ಸೊಂಟದವರೆಗಿನ ನೀರಿನಲ್ಲಿ ನಿಂತು, ಗಾಡಿ ಕೊಚ್ಚಿಹೋಗದಂತೆ ಬೆನ್ನು ಕೊಟ್ಟಿತ್ತು.

ಚಿರತೆ ತನ್ನ ತಗ್ಗಿನ ಕಾರನ್ನು ನೋಡಿಕೊಂಡಿತು. ನೀರಿಗೆ ಇಳಿದರೆ ಅದು ಮುಳುಗಿಯೇ ಹೋಗುತ್ತಿತ್ತು.

"ಕೆಂಚಪ್ಪಾ, ನೋಡ್ತಾ ನಿಲ್ಲಬೇಡ! ಭರಮಣ್ಣನ್ನ ಕರಿ!" ಎಂದು ಕರಡಿ ಕೂಗಿತು.

ಚಿರತೆ ಕಾರು ತಿರುಗಿಸಿತು. ಆ ದಿನ ಕೆಂಪು ಕಾರು ಓಡಿದ ಓಟವನ್ನು ಯಾವ ಪಂದ್ಯದಲ್ಲೂ ಓಡಿರಲಿಲ್ಲ. ಕಲ್ಲುಗಳು ಹೊಟ್ಟೆಗೆ ಬಡಿದವು. ಚಿರತೆ ಇಳಿದು ನೋಡಲಿಲ್ಲ.

"ಭರಮಣ್ಣ! ನಿನ್ನ ಗಾಡಿ ಬೇಕು! ಸೋಗಣ್ಣನಿಗೆ ಯಾಕೆ ಕೊಟ್ಟುಬಿಟ್ಟೆ?"

"ಕೊಟ್ಟುಬಿಟ್ಟೆನಾ? ಚಕ್ರ ರಿಪೇರಿಗೆ ಅಂತ ತಗೊಂಡು ಹೋದ."

"ಎಂಥಾ ರಿಪೇರಿ! ನನ್ನ ಜೊತೆ ಪಂದ್ಯಕ್ಕೆ ಬಂದಿದ್ದ. ಎರಡನೇ ತಿರುವಾದ ಮೇಲೆ ಅವನನ್ನು ನಾನು ನೋಡಿಲ್ಲ."

ಚಿರತೆ ಪಕ್ಕದ ಸೀಟಿನ ಬಾಗಿಲು ತೆರೆಯಿತು. ಕಾಡುಕೋಣ ಸೀಟನ್ನು ನೋಡಿತು. ಚಿರತೆ ಕಾಡುಕೋಣವನ್ನು ನೋಡಿತು. ಕಾಡುಕೋಣ ತಲೆ ತಗ್ಗಿಸಿ ಕಾಡಿನೊಳಗಿನ ಅಡ್ಡದಾರಿ ಹಿಡಿದು, ತನ್ನದೇ ನಾಲ್ಕು ಕಾಲಿನ ಮೇಲೆ ಗುಡ್ಡಕ್ಕೆ ಓಡಿತು.

ಮೂರನೇ ತಿರುವಿನಲ್ಲಿ ಗಾಡಿ ಸಿಕ್ಕಿತು. ನರಿ ಪೊದೆಯಲ್ಲಿ ಸಿಕ್ಕಿಕೊಂಡು ಕುಂಯ್‌ಗುಡುತ್ತಿತ್ತು. ಒಂದು ಕಾಲು ಉಳುಕಿತ್ತು. ಕಾಡುಕೋಣ ನರಿಯನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿ, ತಾನು ಮುಂದೆ ಕೂತಿತು.

ಇಂಜಿನ್ ಎದ್ದಿತು. ಈ ಸಲ ಗರ್ಜನೆಯಲ್ಲ, ಆಳವಾದ ಒಂದು ಗುನುಗು. ನಾಲ್ಕೂ ಚಕ್ರಗಳು ಕೆಸರನ್ನು ಒಂದೊಂದಾಗಿ ಕಚ್ಚಿ ಹಿಡಿದವು. ಗಾಡಿ ಕಡಿದಾದ ಇಳಿಜಾರನ್ನು ಹಿಮ್ಮುಖವಾಗಿ, ಗೇಣು ಗೇಣಾಗಿ ಹತ್ತಿ ರಸ್ತೆಗೆ ಬಂತು. ನರಿ ನೋವನ್ನೂ ಮರೆತು ನೋಡುತ್ತಿತ್ತು. ಉಳಿದ ನಾಲ್ಕು ತಿರುವುಗಳಲ್ಲಿ ಕಾಡುಕೋಣ ಒಂದರಲ್ಲೂ ಆತುರ ಮಾಡಲಿಲ್ಲ. ಕೆಳಗೆ ನೆಟ್ಟಗಿನ ದಾರಿ ಸಿಕ್ಕಿದ ಮೇಲೆ ಮಾತ್ರ ಪಾದ ಒತ್ತಿತು. ಆಗ ಕಪ್ಪು ಗಾಡಿ ಬಿಟ್ಟ ಬಾಣವಾಯಿತು.

ಹಳ್ಳದ ದಡದಲ್ಲಿ ಗಾಡಿ ನಿಲ್ಲಲೇ ಇಲ್ಲ. ಮೆಲ್ಲಗೆ ನೀರಿಗೆ ಇಳಿಯಿತು. ನೀರು ಚಕ್ರ ಮುಳುಗಿಸಿತು, ಬಾಗಿಲ ಅರ್ಧಕ್ಕೆ ಬಂತು. ಪ್ರವಾಹ ಬದಿಗೆ ಬಡಿದು ಎರಡಾಗಿ ಸೀಳಿ ಹೋಯಿತು. ಗಾಡಿ ಕದಲಲಿಲ್ಲ. ಕಾಡುಕೋಣ ಕೊಟ್ಟ ಹಗ್ಗವನ್ನು ಕರಡಿ ಎರಡೂ ಗಾಡಿಗಳಿಗೆ ಬಿಗಿಯಿತು. ಕಾಡುಕೋಣ ಹಿಂದಕ್ಕೆ ಎಳೆಯಿತು. ಹಗ್ಗ ತಂತಿಯ ಹಾಗೆ ಝುಂಯ್ ಎಂದಿತು. ಹಳದಿ ಗಾಡಿ ಒಮ್ಮೆ ಅಲುಗಾಡಿ, ತಲೆಯ ಮೇಲಿನ ಅಷ್ಟೂ ಜೀವಗಳ ಸಮೇತ ದಡಕ್ಕೆ ಬಂದು ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಾಣಿಗಳೆಲ್ಲ ಹೋಗಿ ಆ ಕಪ್ಪು ಗಾಡಿಯ ಒದ್ದೆ ಮೈಯನ್ನು ಮೆಲ್ಲಗೆ ಮುಟ್ಟಿ ನೋಡಿದವು. ಅದು ಬಿಸಿಯಾಗಿ, ದಣಿದ ಪ್ರಾಣಿಯ ಹಾಗೆ ಹಬೆ ಬಿಡುತ್ತಿತ್ತು. ಅಷ್ಟರಲ್ಲಿ ಹಳ್ಳಕ್ಕೆ ಮರಳಿದ್ದ ಚಿರತೆ ಕೂಡ ಮುಟ್ಟಿತು.

ಆಗ ಹಿಂದಿನ ಸೀಟಿನಿಂದ ನರಿ ತಲೆ ಎತ್ತಿತು.

"ನನ್ನದೇನೂ ತಪ್ಪಿಲ್ಲ. ಗಾಡಿಯ ಬ್ರೇಕೇ ಕೆಟ್ಟಿತ್ತು," ಎಂದಿತು.

ಕರಡಿ ತಿರುಗಿ ನೋಡಿತು. "ಕೆಟ್ಟ ಬ್ರೇಕಿನ ಗಾಡಿಯಲ್ಲಿ ಈಗ ತಾನೆ ಗುಡ್ಡದ ತಿರುವುಗಳನ್ನು ಇಳಿದು ಬಂದೆಯಲ್ಲೋ. ಅದು ಹೇಗೆ?"

ನರಿಯ ಬಾಯಿ ತೆರೆಯಿತು. ಜೀವನದಲ್ಲಿ ಮೊದಲ ಸಲ ಅದಕ್ಕೆ ಒಂದು ಸುಳ್ಳೂ ಹೊಳೆಯಲಿಲ್ಲ. ಕೊನೆಗೆ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿತು. ಚಕ್ರದ ಸುಳ್ಳು, ಕಣ್ಣು ಮಂಜೆಂಬ ಸುಳ್ಳು, ಎಲ್ಲ.

ಕರಡಿ ಅದನ್ನು ಒಂದು ಬಂಡೆಯ ಮೇಲೆ ಕೂರಿಸಿಕೊಂಡು ಮೈಯಲ್ಲಿ ಚುಚ್ಚಿಕೊಂಡಿದ್ದ ಮುಳ್ಳುಗಳನ್ನು ಕೀಳತೊಡಗಿತು. ಮೆಲ್ಲಗೇನೂ ಕೀಳಲಿಲ್ಲ.

"ಸೊಂಟದವರೆಗೆ ನೀರಿತ್ತು, ಗೊತ್ತಾ?" ಎಂದು ಒಂದು ಮುಳ್ಳು ಕಿತ್ತಿತು.

"ಅಯ್ಯೋ! ಗೊತ್ತು ಕರಿಯವ್ವ."

"ಮರಿಗಳು ಅವ್ವಾ ಅವ್ವಾ ಅಂತ ಕೂಗ್ತಿದ್ದವು, ಗೊತ್ತಾ?"

"ಅಮ್ಮಾ! ಗೊತ್ತು."

ಮುಳ್ಳು ಬಹಳ ಇದ್ದವು. ಕರಡಿಯ ಹತ್ತಿರ ಪ್ರಶ್ನೆಗಳೂ ಬಹಳ ಇದ್ದವು. ಉತ್ತರ ಹೇಳುತ್ತಾ ಹೇಳುತ್ತಾ ನರಿ ಅಳತೊಡಗಿತು. ಅಳು ಬರೀ ಮುಳ್ಳಿನ ನೋವಿನದಾಗಿರಲಿಲ್ಲ.

ಕಾಲು ವಾಸಿಯಾದ ಮೇಲೂ ಆ ಕಾಡಿನಲ್ಲಿ ಯಾರೂ ನರಿಯ ಕೈಗೆ ಕೀ ಕೊಡಲಿಲ್ಲ. ಆ ಇಡೀ ಮಳೆಗಾಲ ಅದು ಕೆಸರಿನಲ್ಲಿ ನಡೆದೇ ಓಡಾಡಿತು. ಪಕ್ಕದಲ್ಲಿ ಕಪ್ಪು ಗಾಡಿ ಹಾದುಹೋದಾಗಲೆಲ್ಲ ದಾರಿ ಬಿಟ್ಟು ನಿಂತು, ಅದು ತಿರುವಿನಲ್ಲಿ ನಿಧಾನವಾಗುವುದನ್ನು ಕಣ್ಣು ತುಂಬ ನೋಡುತ್ತಿತ್ತು.

ನೀತಿ: ಮೋಸದಿಂದ ದೊಡ್ಡ ಶಕ್ತಿಯನ್ನು ಕೈಗೆ ತೆಗೆದುಕೊಳ್ಳಬಹುದು, ಆದರೆ ಅದನ್ನು ಹಿಡಿತದಲ್ಲಿಡುವ ವಿವೇಕ ಮೋಸದಿಂದ ಬರುವುದಿಲ್ಲ.